ಕ್ಯಾಲಿಪರ್ ಜೊತೆಗೊಂದು ಬೇರಿಂಗ್: ಕಡಿಮೆ ಬೆಲೆಯ ಡಿಜಿಟಲ್ ಕ್ಯಾಲಿಪರನ್ನು ಮನೆಯಲ್ಲಿ ನಂಬಿ ಬಳಸುವುದು ಹೇಗೆ

ವಸ್ತುವಿನ ದಪ್ಪ, ವ್ಯಾಸ, ಆಳ ಅಳೆಯುವ ಡಿಜಿಟಲ್ ಕ್ಯಾಲಿಪರ್ ತಗೊಳ್ಳೋಕೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟಿದ್ದೀರಾ? ಬರುವಾಗ ಒಂದು 608 ಬೇರಿಂಗನ್ನೂ ತನ್ನಿ. ಮಕ್ಕಳ ಸ್ಕೇಟಿನ ಚಕ್ರದಲ್ಲಿ ಇರುತ್ತದಲ್ಲ, ಅದೇ. ಬೇರಿಂಗ್ ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ಹೆಸರಿರುವ ಕಂಪನಿಯದು, ಡಬ್ಬಿಯಲ್ಲಿ ಬಂದದ್ದನ್ನೇ ಕೇಳಿ. ನಿಮ್ಮ ಕ್ಯಾಲಿಪರ್ ಎಷ್ಟು ನಿಜ ಹೇಳುತ್ತಿದೆ ಅಂತ ಮನೆಯಲ್ಲೇ ತೋರಿಸಿಕೊಡುವುದು ಈ ಪುಟ್ಟ ಬೇರಿಂಗೇ.

ಇದರ ಮಹತ್ವ ನನಗೆ ಗೊತ್ತಾದದ್ದು ಒಂದು ಬುಷ್ ಹಾಳಾದ ಮೇಲೆ. ಬುಷ್ ಅಂದರೆ ತಿರುಗುವ ಕಡ್ಡಿ, ಅಂದರೆ ಶಾಫ್ಟ್, ಕೂರುವ ಲೋಹದ ಬಳೆ. ಮನೆಯ ಹಳೇ ಟೇಬಲ್ ಫ್ಯಾನಿನ ಮುಂದಿನ ಬುಷ್ ಸವೆದಿತ್ತು. ಹೊಸ ಕ್ಯಾಲಿಪರಿನಿಂದ ಶಾಫ್ಟ್ ಅಳೆದೆ, 7.93 ಎಂಎಂ ಬಂತು. ಚೀಟಿಯಲ್ಲಿ ಬರೆದುಕೊಂಡು ಕಾಮಾಕ್ಷಿಪಾಳ್ಯದಲ್ಲಿ ಲೇತ್ (ಲೋಹ ಕಡೆಯುವ ಯಂತ್ರ) ಇಟ್ಟುಕೊಂಡಿರುವ ಒಬ್ಬ ಹಿರಿಯ ಟರ್ನರ್ ಹತ್ತಿರ ಹೋದೆ. ಅವರು ನನ್ನ ಅಳತೆಗೆ ಸರಿಯಾಗಿ ಗನ್‌ಮೆಟಲ್ ಬುಷ್ ಮಾಡಿಕೊಟ್ಟರು. ಮನೆಗೆ ತಂದು ನೋಡಿದರೆ ಶಾಫ್ಟ್ ಒಳಗೆ ಹೋಗಲೇ ಇಲ್ಲ. ಮರುದಿನ ಶಾಫ್ಟನ್ನೇ ಬಿಚ್ಚಿಕೊಂಡು ಹೋದೆ. ಅವರು ಕ್ಯಾಲಿಪರಿಗಿಂತ ನಿಖರವಾಗಿ ಅಳೆಯುವ ಮೈಕ್ರೋಮೀಟರ್ ಹಿಡಿದರು, 7.99. ಆಮೇಲೆ "ನೀವು ಹೇಗೆ ಅಳೆದ್ರಿ, ತೋರಿಸಿ ಸಾರ್" ಅಂದರು. ನಾನು ಕ್ಯಾಲಿಪರಿನ ದವಡೆಯ ತುದಿಯಲ್ಲಿ ಶಾಫ್ಟ್ ಕಚ್ಚಿಸಿ, ಅಲುಗಾಡದ ಹಾಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. "ಹಿಂಡಬಾರ್ದು ಸಾರ್, ಮುಟ್ಟಿಸ್ಬೇಕು" ಅಂದು ಅದನ್ನು ಕೈಗೆ ತಗೊಂಡರು. ಶಾಫ್ಟನ್ನು ದವಡೆಯ ಬುಡಕ್ಕೆ ತಂದು ಹಗುರವಾಗಿ ಮುಚ್ಚಿದರು. 7.98 ಬಂತು.

ಅದೇ ಕ್ಯಾಲಿಪರ್, ಅದೇ ಶಾಫ್ಟ್. ಬದಲಾದದ್ದು ಹಿಡಿದ ಜಾಗ ಮತ್ತು ಒತ್ತಿದ ಬಲ, ಅಷ್ಟೇ. ಅಗ್ಗದ ಕ್ಯಾಲಿಪರ್ ಸುಳ್ಳು ತೋರಿಸುತ್ತದೆ ಅನ್ನುವವರು ತುಂಬಾ ಜನ ಇದ್ದಾರೆ. ನಾನು ನೋಡಿದ ಮಟ್ಟಿಗೆ ತಪ್ಪು ರೀಡಿಂಗಿಗೆ ಬಹುಪಾಲು ಕಾರಣ ಕೊಳೆ, ಕೈ ಮತ್ತು ಸೆಲ್. ಮೂರನ್ನೂ ನಾವೇ ಸರಿಮಾಡಿಕೊಳ್ಳಬಹುದು.

ಅಂಗಡಿಯಲ್ಲೇ ನೋಡಿ ತಗೊಳ್ಳಿ

ಮನೆಗೆ 150 ಎಂಎಂನದು, ಅಂದರೆ ಆರಿಂಚಿನದು ಸಾಕು. ಅದಕ್ಕಿಂತ ದೊಡ್ಡದು ಕೈಗೆ ಭಾರ, ಸಣ್ಣ ಕೆಲಸಕ್ಕೆ ತೊಡಕು. ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಕ್ಯಾಲಿಪರ್‌ಗಳು 0.1 ಎಂಎಂವರೆಗೆ ಮಾತ್ರ ತೋರಿಸುತ್ತವೆ. ಮರಗೆಲಸಕ್ಕೆ, ಪೈಪ್ ಅಳೆಯೋಕೆ ಅದೂ ನಡೆಯುತ್ತದೆ. ಆದರೆ ಅದರ ದವಡೆ ಬಾಗುತ್ತದೆ. ಕೈಯಲ್ಲಾದರೆ ಸ್ಟೀಲಿನದಕ್ಕೇ ಹೋಗಿ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಸ್ಟೀಲ್ ಕ್ಯಾಲಿಪರ್‌ಗಳು 0.01 ಎಂಎಂವರೆಗೆ ತೋರಿಸುತ್ತವೆ.

ತೋರಿಸುವುದು ಬೇರೆ, ಸರಿಯಾಗಿ ಹೇಳುವುದು ಬೇರೆ. ಇದನ್ನು ಮೊದಲೇ ತಿಳಿದುಕೊಂಡಿರಿ. ಇಂಥ ಕ್ಯಾಲಿಪರಿನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ±0.02 ಅಥವಾ ±0.03 ಎಂಎಂ ಅಂತ ಬರೆದಿರುತ್ತಾರೆ. ಅಂದರೆ ಪರದೆಯಲ್ಲಿ 10.00 ಬಂದರೆ ನಿಜವಾದ ಅಳತೆ 9.97ರಿಂದ 10.03ರ ನಡುವೆ ಎಲ್ಲಾದರೂ ಇರಬಹುದು. ಕೊನೆಯ ಅಂಕಿಯನ್ನು ಹಿಡಿದುಕೊಂಡು ಕೂರಬೇಡಿ.

ಅಂಗಡಿಯಲ್ಲಿ ಎರಡು ನಿಮಿಷ ತಗೊಂಡು ಇಷ್ಟು ನೋಡಿ. ದವಡೆಗಳನ್ನು ಮುಚ್ಚಿ ಟ್ಯೂಬ್‌ಲೈಟ್ ಕಡೆ ಹಿಡಿಯಿರಿ. ನಡುವೆ ಬೆಳಕಿನ ಗೆರೆ ಕಾಣಬಾರದು. ಒಂದು ತುದಿಯಲ್ಲಿ ಬೆಳಕು ದಪ್ಪವಾಗಿ, ಇನ್ನೊಂದು ತುದಿಯಲ್ಲಿ ಇಲ್ಲವಾದರೆ ಅದನ್ನು ವಾಪಸ್ ಇಟ್ಟು ಬೇರೆ ಕೊಡಿ ಅನ್ನಿ. ಜಾರುವ ಭಾಗವನ್ನು ಈ ತುದಿಯಿಂದ ಆ ತುದಿಗೆ ಓಡಿಸಿ. ಎಲ್ಲೂ ಕಚ್ಚಬಾರದು, ಎಲ್ಲೂ ಗರಗರ ಅನ್ನಬಾರದು. ಮುಚ್ಚಿ ಸೊನ್ನೆ ಮಾಡಿ, ಐದಾರು ಸಲ ತೆಗೆದು ಮುಚ್ಚಿ. ಪ್ರತಿ ಸಲವೂ 0.00 ಬರಬೇಕು. 0.01 ಆಚೀಚೆ ಆದರೆ ಪರವಾಗಿಲ್ಲ.

ಸ್ಟಿಕ್ಕರಿನ ಕೆಳಗೆ ಏನಿದೆ

ಜಾಲಹಳ್ಳಿ, ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಇದನ್ನು ಇವತ್ತಿಗೂ ವರ್ನಿಯರ್ ಅಂತಲೇ ಕರೆಯುತ್ತಾರೆ. ಅದು 1631ರಲ್ಲಿ ಗೆರೆ ಹೊಂದಿಸಿ ಓದುವ ಸಣ್ಣ ಜಾರುಪಟ್ಟಿಯ ಉಪಾಯವನ್ನು ಪ್ರಕಟಿಸಿದ ಗಣಿತಜ್ಞ ಪಿಯರ್ ವರ್ನಿಯರ್ ಹೆಸರು. ಡಿಜಿಟಲ್‌ನಲ್ಲಿ ಆ ಗೆರೆಗಳು ಕೆಲಸ ಮಾಡುವುದಿಲ್ಲ. ಉದ್ದದ ಪಟ್ಟಿಯ ಮೇಲೆ ಅಂಟಿಸಿದ ಸ್ಟಿಕ್ಕರಿನ ಕೆಳಗೆ ತಾಮ್ರದ ಸಣ್ಣ ಸಣ್ಣ ಪಟ್ಟಿಗಳು ಸಾಲಾಗಿವೆ, ರೇಡಿಯೋ ಒಳಗಿನ ಬೋರ್ಡಿನಲ್ಲಿ ಇರುವ ಹಾಗೆ. ಜಾರುವ ಭಾಗದ ಒಳಗೂ ಅಂಥದ್ದೇ ಪಟ್ಟಿಗಳಿವೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಒಂದರ ಎದುರು ಒಂದು ಸರಿದಾಗ ಅವುಗಳ ನಡುವಿನ ವಿದ್ಯುತ್ ಧಾರಣೆ (ಕೆಪ್ಯಾಸಿಟೆನ್ಸ್, ವಿದ್ಯುತ್ ಹಿಡಿದಿಡುವ ಗುಣ) ಬದಲಾಗುತ್ತದೆ. ಒಳಗಿನ ಚಿಪ್ ಅದನ್ನು ನೋಡಿ ಎಷ್ಟು ಸರಿಯಿತು ಅಂತ ಲೆಕ್ಕ ಹಾಕುತ್ತದೆ.

ಇದು ಗೊತ್ತಿದ್ದರೆ ಮೂರು ವಿಷಯ ತಾವಾಗಿಯೇ ಅರ್ಥವಾಗುತ್ತವೆ. ಒಂದು, ಪಟ್ಟಿಯ ಮೇಲೆ ನೀರು ಅಥವಾ ಬೆವರು ಕೂತರೆ ಅಂಕಿ ಹುಚ್ಚುಹುಚ್ಚಾಗಿ ಓಡುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಬಿಡಿ, ಸರಿಹೋಗುತ್ತದೆ. ಎರಡು, ಕ್ಯಾಲಿಪರ್ ಸರಿದದ್ದನ್ನು ಎಣಿಸುತ್ತಾ ಹೋಗುತ್ತದೆ. ಹಾಗಾಗಿ ರಪ್ಪನೆ ಎಳೆದರೆ ಎಣಿಕೆ ತಪ್ಪಬಹುದು. ಮೂರು, ಕಡಿಮೆ ಬೆಲೆಯವುಗಳಲ್ಲಿ ಆಫ್ ಬಟನ್ ಒತ್ತಿದರೆ ಪರದೆ ಮಾತ್ರ ಆರುತ್ತದೆ. ಎಣಿಕೆ ಮರೆಯದಿರಲಿ ಅಂತ ಚಿಪ್ ಒಳಗೆ ಎಚ್ಚರವಾಗೇ ಇರುತ್ತದೆ, ಸೆಲ್ ಕರಗುತ್ತಲೇ ಇರುತ್ತದೆ. ಎರಡು ತಿಂಗಳು ಮುಟ್ಟದೆ ಇಟ್ಟು ತೆಗೆದರೆ ಸತ್ತಿರುವುದು ಇದಕ್ಕೇ.

ಮೊದಲ ದಿನದ ಕೆಲಸ

ಹೊಸ ಕ್ಯಾಲಿಪರ್ ಎಣ್ಣೆ ಸವರಿಕೊಂಡು ಬರುತ್ತದೆ. ಆ ಎಣ್ಣೆಯಲ್ಲಿ ಸಾಣೆ ಹಿಡಿದಾಗ ಉದುರಿದ ಪುಡಿ ಇರಬಹುದು. ಹಳೇ ಹತ್ತಿ ಬನಿಯನ್ ತುಂಡು ತಗೊಂಡು ಪಟ್ಟಿಯ ಮೇಲೆ, ಕೆಳಗೆ, ದವಡೆಗಳ ಒಳಮೈ ಎಲ್ಲವನ್ನೂ ಒರೆಸಿ. ಥಿನ್ನರ್, ಪೆಟ್ರೋಲ್ ಬೇಡ. ಪರದೆಯ ಪ್ಲಾಸ್ಟಿಕ್ ಮಂಕಾಗುತ್ತದೆ, ಸ್ಟಿಕ್ಕರ್ ಏಳುತ್ತದೆ.

ಆಮೇಲೆ ಒಂದು ಬಿಳಿ ಕಾಗದ. ಎರಡು ದವಡೆಗಳ ನಡುವೆ ಕಾಗದ ಇಟ್ಟು ಹಗುರವಾಗಿ ಮುಚ್ಚಿ, ಕಾಗದವನ್ನು ನಿಧಾನವಾಗಿ ಎಳೆಯಿರಿ. ಕಾಗದದ ಮೇಲೆ ಬೂದು ಗೆರೆ ಮೂಡುತ್ತದೆ. ಕಾಗದದ ಬೇರೆ ಜಾಗದಲ್ಲಿ ಮತ್ತೆ ಎಳೆಯಿರಿ. ಗೆರೆ ಮೂಡುವುದು ನಿಂತ ಮೇಲೆ ದವಡೆ ಶುಚಿಯಾಯಿತು ಅಂತ. ಇದು ಒಂದು ದಿನದ ಕೆಲಸವಲ್ಲ. ಪ್ರತಿ ಸಲ ಅಳೆಯಲು ಕೂತಾಗ ಒಮ್ಮೆ ಹೀಗೆ ಎಳೆದುಬಿಡಿ. ಕಣ್ಣಿಗೆ ಕಾಣದ ಒಂದು ಚೂರು ಲೋಹದ ಪುಡಿ 0.05 ಎಂಎಂ ತಪ್ಪು ಮಾಡಿಸುತ್ತದೆ.

ಈಗ ಜಾರುವ ಭಾಗದ ಮೇಲಂಚು ನೋಡಿ. ಅಲ್ಲಿ ಎರಡು ಪುಟ್ಟ ಸ್ಕ್ರೂ ಇರುತ್ತವೆ, ವಾಚ್ ರಿಪೇರಿಯ ಸ್ಕ್ರೂ ಡ್ರೈವರ್ ಹಿಡಿಯುವಷ್ಟು ಸಣ್ಣವು. ಲಾಕ್ ಮಾಡುವ ತಿರುಪು ಅದಲ್ಲ, ಅದು ಬೇರೆ. ಈ ಎರಡು ಸ್ಕ್ರೂಗಳು ಒಳಗಿನ ಒಂದು ತೆಳು ಪಟ್ಟಿಯನ್ನು ಒತ್ತಿ ಹಿಡಿದಿರುತ್ತವೆ. ಸಡಿಲವಾಗಿದ್ದರೆ ಜಾರುವ ಭಾಗ ವಾಲುತ್ತದೆ. ವಾಲಿದರೆ ದವಡೆಯ ತುದಿ ತೆರೆದುಕೊಳ್ಳುತ್ತದೆ. ನನ್ನ 7.93ರ ಗುಟ್ಟು ಅಲ್ಲೇ ಇತ್ತು. ಜಾರುವ ಭಾಗ ಒಂದು ಡಿಗ್ರಿಯ ಇಪ್ಪತ್ತರಲ್ಲಿ ಒಂದು ಪಾಲು ವಾಲಿದರೂ, 40 ಎಂಎಂ ಉದ್ದದ ದವಡೆಯ ತುದಿಯಲ್ಲಿ 0.035 ಎಂಎಂ ವ್ಯತ್ಯಾಸ ಬರುತ್ತದೆ. ಬುಡದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಸ್ಕ್ರೂಗಳನ್ನು ಒಂದೊಂದಾಗಿ, ಭಾಗ ಅಲುಗದಷ್ಟು ಬಿಗಿ ಮಾಡಿ. ಆಮೇಲೆ ಒಂದು ಸುತ್ತಿನ ಎಂಟನೇ ಒಂದು ಪಾಲು ಹಿಂದಕ್ಕೆ ತಿರುಗಿಸಿ. ನೀರಿನೊಳಗೆ ಕೈ ಆಡಿಸಿದ ಹಾಗೆ ಒಂದೇ ಹದದಲ್ಲಿ ಜಾರಬೇಕು, ಆದರೆ ದವಡೆಯ ತುದಿ ಹಿಡಿದು ಅಲ್ಲಾಡಿಸಿದರೆ ಟಕ್ ಅನ್ನಬಾರದು. ನನಗೆ ಈ ಹದ ಸಿಗೋಕೆ ಅರ್ಧ ಗಂಟೆ ಬೇಕಾಯಿತು. ಸಾವಿರ ರೂಪಾಯಿಯ ಕ್ಯಾಲಿಪರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಇದೇ.

ಬೇರಿಂಗ್ ಪರೀಕ್ಷೆ

608 ಬೇರಿಂಗಿನ ಹೊರ ವ್ಯಾಸ 22 ಎಂಎಂ, ಒಳ ವ್ಯಾಸ 8 ಎಂಎಂ, ಅಗಲ 7 ಎಂಎಂ. ಸಾಮಾನ್ಯ ದರ್ಜೆಯ ಬೇರಿಂಗಿನಲ್ಲೂ ಹೊರ ವ್ಯಾಸ 22ಕ್ಕಿಂತ ಹೆಚ್ಚೆಂದರೆ 0.009 ಎಂಎಂ ಕಡಿಮೆ ಇರಬಹುದು, ಹೆಚ್ಚಿಗೆ ಇರುವಂತಿಲ್ಲ. ಒಳ ವ್ಯಾಸಕ್ಕೆ 0.008. ಇಷ್ಟು ಖಚಿತವಾದ ವಸ್ತು ಇಷ್ಟು ಕಡಿಮೆ ಬೆಲೆಗೆ ಸಿಗುವುದು ಅಪರೂಪ. ಅಗಲವನ್ನು ಮಾತ್ರ ನಂಬಬೇಡಿ. ಅದರಲ್ಲಿ 0.12 ಎಂಎಂವರೆಗೆ ಕಡಿಮೆಯಾಗಲು ಅವಕಾಶ ಕೊಟ್ಟಿದ್ದಾರೆ.

ಕ್ಯಾಲಿಪರ್ ಮುಚ್ಚಿ ಸೊನ್ನೆ ಮಾಡಿ. ಬೇರಿಂಗಿನ ಹೊರಮೈಯನ್ನು ದವಡೆಯ ಬುಡದ ಹತ್ತಿರ ಹಿಡಿದು ಅಳೆಯಿರಿ. ಬರೆದುಕೊಳ್ಳಿ. ದವಡೆಯ ನಡುವೆ ಅಳೆಯಿರಿ, ಬರೆದುಕೊಳ್ಳಿ. ತುದಿಯಲ್ಲಿ ಅಳೆಯಿರಿ, ಬರೆದುಕೊಳ್ಳಿ. ನನ್ನದರಲ್ಲಿ ಸ್ಕ್ರೂ ಸರಿಮಾಡಿದ ಮೇಲೆ 21.99, 21.99, 21.97 ಬಂತು. ಮೂರೂ ಹತ್ತಿರ ಇದ್ದರೆ ದವಡೆ ಸಮ ಇದೆ. ತುದಿಯಲ್ಲಿ ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿ. ಆಮೇಲೆ ಮೇಲಿನ ಪುಟ್ಟ ದವಡೆಗಳಿಂದ ಒಳ ವ್ಯಾಸ ಅಳೆಯಿರಿ. ನನಗೆ 7.96 ಬಂತು, ಹತ್ತು ಸಲ ಅಳೆದರೂ 7.96 ಅಥವಾ 7.97.

ಇದು ಒಳ್ಳೆಯ ಸುದ್ದಿ. ಪ್ರತಿ ಸಲವೂ ಒಂದೇ ತಪ್ಪು ಮಾಡುವ ಕ್ಯಾಲಿಪರನ್ನು ಆರಾಮಾಗಿ ಬಳಸಬಹುದು. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: "ಹೊರಗೆ 0.01 ಕಡಿಮೆ ತೋರಿಸುತ್ತೆ, ಒಳಗೆ 0.04 ಕಡಿಮೆ." ಅಳೆದ ಮೇಲೆ ಅಷ್ಟು ಸೇರಿಸಿಕೊಳ್ಳುತ್ತೇನೆ. ಒಂದೊಂದು ಸಲ ಒಂದೊಂದು ತೋರಿಸುವ ಕ್ಯಾಲಿಪರಿಗೆ ಮಾತ್ರ ಮದ್ದಿಲ್ಲ.

ಇನ್ನೊಂದು ದಾರಿಯೂ ಇದೆ. ಲೇತಿನಂಥ ಯಂತ್ರಗಳನ್ನು ತಯಾರಿಸಲು ಎಚ್‌ಎಂಟಿ ಕಾರ್ಖಾನೆ 1953ರಲ್ಲಿ ಶುರುವಾದ ಊರಿದು. ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಮನೆಯ ಮರದ ಪೆಟ್ಟಿಗೆಯಲ್ಲಿ ಒಳ್ಳೆಯ ಮೈಕ್ರೋಮೀಟರ್ ಇದ್ದೇ ಇರುತ್ತದೆ. ಬೇರಿಂಗ್, ಕ್ಯಾಲಿಪರ್ ಎರಡನ್ನೂ ಹಿಡಿದುಕೊಂಡು ಹೋಗಿ ಒಂದು ಸಂಜೆ ಕೂತು ಬನ್ನಿ. ಈ ಲೇಖನಕ್ಕಿಂತ ಜಾಸ್ತಿ ಕಲಿತು ಬರುತ್ತೀರಿ.

ಹಿಡಿಯುವ ರೀತಿ

ಹೊರಗಿನ ಅಳತೆಗೆ ವಸ್ತುವನ್ನು ಆದಷ್ಟು ಉದ್ದ ಪಟ್ಟಿಯ ಹತ್ತಿರಕ್ಕೆ ತನ್ನಿ. ಅಳೆಯುವ ವಸ್ತು, ಅಳೆಯುವ ಪಟ್ಟಿ ಎರಡೂ ಒಂದೇ ಗೆರೆಯಲ್ಲಿ ಇರಬೇಕು ಅಂತ ಜರ್ಮನಿಯ ಅರ್ನ್ಸ್ಟ್ ಆಬೆ 1890ರಲ್ಲೇ ಹೇಳಿದ್ದರು. ಕ್ಯಾಲಿಪರಿನಲ್ಲಿ ಅದು ಪೂರ್ತಿ ಆಗುವುದಿಲ್ಲ, ದವಡೆ ಕೆಳಗೆ ಇಳಿದಿರುತ್ತದಲ್ಲ. ಬುಡಕ್ಕೆ ಹತ್ತಿರ ಹಿಡಿದಷ್ಟೂ ತಪ್ಪು ಕಡಿಮೆ.

ಹೆಬ್ಬೆರಳಿನ ಕೆಳಗಿನ ಗಾಲಿಯನ್ನು ಹಗುರವಾಗಿ ತಿರುಗಿಸಿ ಮುಚ್ಚಿ. ಸೊನ್ನೆ ಮಾಡುವಾಗ ಎಷ್ಟು ಬಲ ಹಾಕಿದಿರೋ ಅಳೆಯುವಾಗಲೂ ಅಷ್ಟೇ ಬಲ ಇರಲಿ. ಹಣ್ಣಾದ ಟೊಮೇಟೊ ಹಿಡಿದರೆ ಗುರುತು ಬೀಳಬಾರದು, ಅಷ್ಟು ಬಲ. ಮುಚ್ಚಿದ ಮೇಲೆ ವಸ್ತುವನ್ನು ಒಂದು ಚೂರು ಆಚೀಚೆ ತೂಗಿಸಿ. ಶಾಫ್ಟಿನಂಥ ಹೊರ ಅಳತೆಯಲ್ಲಿ ಹಾಗೆ ತೂಗಿಸುವಾಗ ಬರುವ ಅತಿ ಚಿಕ್ಕ ಅಂಕಿಯೇ ಸರಿ. ತೂತಿನ ಒಳ ಅಳತೆಯಲ್ಲಿ ಅತಿ ದೊಡ್ಡ ಅಂಕಿ ಸರಿ. ಅಳೆದ ಮೇಲೆ ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಸವೆದ ಶಾಫ್ಟ್ ದುಂಡಗಿರುವುದಿಲ್ಲ, ಆಗ ಗೊತ್ತಾಗುತ್ತದೆ.

5 ಎಂಎಂಗಿಂತ ಸಣ್ಣ ತೂತಿಗೆ ಪುಟ್ಟ ದವಡೆ ಹಾಕಿ ಬಂದ ಅಂಕಿಯನ್ನು ನಂಬಬೇಡಿ. ಅದರ ಅಂಚು ಸ್ವಲ್ಪ ಚಪ್ಪಟೆ ಇರುತ್ತದೆ, ಸಣ್ಣ ತೂತಿನ ಬಾಗಿಗೆ ಕೂರುವುದಿಲ್ಲ, ಕಡಿಮೆ ತೋರಿಸುತ್ತದೆ. ಅಲ್ಲಿ ಡ್ರಿಲ್ ಬಿಟ್ಟಿನ ಹಿಂಭಾಗ ತೂರಿಸಿ ನೋಡುವುದೇ ವಾಸಿ. 3.2 ಹೋಗಿ 3.3 ಹೋಗದಿದ್ದರೆ ಉತ್ತರ ಸಿಕ್ಕಿತಲ್ಲ.

ಆಳ ಅಳೆಯಲು ಹಿಂದಿನಿಂದ ಹೊರಬರುವ ಕಡ್ಡಿ ಇದೆ. ಪಟ್ಟಿಯ ಕೊನೆ ಮೇಲ್ಮೈ ಮೇಲೆ ಪೂರ್ತಿ ಕೂತಿರಬೇಕು. ಒಂದು ಚೂರು ವಾಲಿದರೂ ಅಳತೆ ಕೆಡುತ್ತದೆ. ಮೆಟ್ಟಿಲಿನಂಥ ಜಾಗಕ್ಕೆ ಕಡ್ಡಿ ಬಿಟ್ಟು, ಮುಂದಿನ ಎರಡು ದವಡೆಗಳ ಹೊರ ತುದಿಯನ್ನು ಬಳಸಿ. ಒಂದು ಮೇಲಿನ ಮೆಟ್ಟಿಲಿಗೆ, ಇನ್ನೊಂದು ಕೆಳಗಿನದಕ್ಕೆ. ಅದು ಗಟ್ಟಿಯಾಗಿ ಕೂರುತ್ತದೆ.

ತಿರುಗುತ್ತಿರುವ ವಸ್ತುವಿಗೆ ಯಾವತ್ತೂ ಕ್ಯಾಲಿಪರ್ ಹಿಡಿಯಬೇಡಿ. ಡ್ರಿಲ್ಲಿಂಗ್ ಮೆಷಿನ್ ನಿಲ್ಲಿಸಿ, ಪೂರ್ತಿ ನಿಂತ ಮೇಲೆ ಅಳೆಯಿರಿ. ಬಿಸಿ ಇರುವಾಗಲೂ ಬೇಡ. 100 ಎಂಎಂ ಉದ್ದದ ಅಲ್ಯೂಮಿನಿಯಂ ತುಂಡು 40 ಡಿಗ್ರಿ ಜಾಸ್ತಿ ಬಿಸಿಯಾದರೆ 0.09 ಎಂಎಂ ಉದ್ದವಾಗುತ್ತದೆ. ಆರಿದ ಮೇಲೆ ಅಷ್ಟೂ ಕುಗ್ಗುತ್ತದೆ.

ಸೊನ್ನೆ ಬಟನ್: ಇದರ ನಿಜವಾದ ಶಕ್ತಿ

ಹಳೇ ವರ್ನಿಯರಿಗಿಂತ ಡಿಜಿಟಲ್ ನನಗೆ ಇಷ್ಟವಾಗುವುದು ಈ ಒಂದು ಬಟನ್ನಿನಿಂದ. ಎಲ್ಲಿ ಬೇಕಾದರೂ ನಿಲ್ಲಿಸಿ ಸೊನ್ನೆ ಮಾಡಬಹುದು.

ಅಡುಗೆಮನೆಯ ಡ್ರಾಯರಿನ ಹಿಡಿ ಮುರಿಯಿತು ಅಂದುಕೊಳ್ಳಿ. ಹೊಸದು ತರಬೇಕು. ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಎಷ್ಟು? ಟೇಪಿನಲ್ಲಿ ಮಧ್ಯ ಹುಡುಕುವುದು ಕಷ್ಟ. ಪುಟ್ಟ ದವಡೆಗಳನ್ನು ಒಂದು ತೂತಿನೊಳಗೆ ತೆರೆದು ವ್ಯಾಸ ಹಿಡಿಯಿರಿ, ಅಲ್ಲೇ ಸೊನ್ನೆ ಒತ್ತಿ. ಈಗ ಒಂದು ದವಡೆ ಈ ತೂತಿನ ಹೊರ ಅಂಚಿಗೆ, ಇನ್ನೊಂದು ಆ ತೂತಿನ ಹೊರ ಅಂಚಿಗೆ. ಪರದೆಯಲ್ಲಿ ಬರುವುದೇ ಮಧ್ಯದಿಂದ ಮಧ್ಯಕ್ಕೆ ದೂರ. ಎರಡೂ ತೂತು ಒಂದೇ ಅಳತೆಯವಾಗಿರಬೇಕು, ಅಷ್ಟೇ. 95.9, 96.1 ಹೀಗೆ ಏನೋ ಬರುತ್ತದೆ. ಅಂಗಡಿಯಲ್ಲಿ "96ರ ಹ್ಯಾಂಡಲ್ ಕೊಡಿ" ಅನ್ನಿ. ಈ ಹಿಡಿಗಳು 96, 128, 160 ಹೀಗೆ 32ರ ಲೆಕ್ಕದಲ್ಲಿ ಬರುತ್ತವೆ.

ಡಬ್ಬಿಯ ತಳ ಎಷ್ಟು ದಪ್ಪ ಅಂತ ತಿಳಿಯಬೇಕೇ? ದವಡೆ ಒಳಗೆ ಹೋಗುವುದಿಲ್ಲ. ಡಬ್ಬಿಯ ಪೂರ್ತಿ ಎತ್ತರವನ್ನು ಹೊರಗಿನಿಂದ ಅಳೆದು ಸೊನ್ನೆ ಮಾಡಿ. ಆಮೇಲೆ ಕಡ್ಡಿಯಿಂದ ಒಳಗಿನ ಆಳ ಅಳೆಯಿರಿ. ಮೈನಸ್ 2.1 ಅಂತ ಬಂದರೆ ತಳ 2.1 ಎಂಎಂ ದಪ್ಪ.

ಇದೇ ಉಪಾಯ ಬೇರಿಂಗಿಗೂ ಆಗುತ್ತದೆ. 22 ಎಂಎಂನ ಒಂದು ಕೊಳವೆ ಸರಿಯಾಗಿದೆಯೇ ನೋಡಬೇಕು ಅಂದರೆ ಮೊದಲು ಬೇರಿಂಗ್ ಹಿಡಿದು ಅಲ್ಲೇ ಸೊನ್ನೆ ಮಾಡಿ, ಆಮೇಲೆ ಕೊಳವೆ ಹಿಡಿಯಿರಿ. ಬಂದ ಅಂಕಿ ಬೇರಿಂಗಿಗೂ ಕೊಳವೆಗೂ ಇರುವ ವ್ಯತ್ಯಾಸ. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಬಲದಲ್ಲಿ ಹಿಡಿದಿದ್ದರಿಂದ ಕ್ಯಾಲಿಪರಿನ ಸ್ವಂತ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಅಗ್ಗದ ಕ್ಯಾಲಿಪರಿನಿಂದ ಅತಿ ಒಳ್ಳೆಯ ಅಳತೆ ತೆಗೆಯುವ ದಾರಿ ಇದು. ಕೆಲಸ ಮುಗಿದ ಮೇಲೆ ಮುಚ್ಚಿ ಮತ್ತೆ ಸೊನ್ನೆ ಮಾಡುವುದನ್ನು ಮರೆಯಬೇಡಿ.

ಅಂಗಡಿಯ ಹೆಸರು, ಕೈಯಲ್ಲಿನ ಅಳತೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಕರೆಯುವ ಹೆಸರಿಗೂ ಕ್ಯಾಲಿಪರ್ ತೋರಿಸುವುದಕ್ಕೂ ಹೊಂದುವುದಿಲ್ಲ. ಮೊದಮೊದಲು ಇದರಿಂದ ಗಲಿಬಿಲಿಯಾಗುತ್ತದೆ. ಅರ್ಧ ಇಂಚಿನ ಜಿಐ (ಕಬ್ಬಿಣದ) ಪೈಪಿನ ಹೊರ ವ್ಯಾಸ 21.3 ಎಂಎಂ. ಅರ್ಧ ಇಂಚಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನದು 15.9. ಅರ್ಧ ಇಂಚು ಅಂದರೆ 12.7, ಅದು ಎರಡರಲ್ಲೂ ಹೊರಗೆ ಎಲ್ಲೂ ಇಲ್ಲ. ಹಳೇ ಮನೆಯ ಪೈಪ್ ಯಾವುದು ಅಂತ ಹೊರ ವ್ಯಾಸ ನೋಡಿ ಗುರುತಿಸಿಕೊಂಡು ಅಂಗಡಿಗೆ ಹೋಗಿ.

ಎಂ4 ಬೋಲ್ಟ್ ಅಳೆದರೆ 4.00 ಬರುವುದಿಲ್ಲ, 3.9 ಚಿಲ್ಲರೆ ಬರುತ್ತದೆ. ಎಂ6 ಬೋಲ್ಟಿಗೆ 5.9ರ ಹತ್ತಿರ ಬರುತ್ತದೆ. ಕಾಲು ಇಂಚಿನ ಬೋಲ್ಟ್ 6.35ಕ್ಕೆ ಸ್ವಲ್ಪ ಕಡಿಮೆ. ಕಣ್ಣಿಗೆ ಎರಡೂ ಒಂದೇ, ಕ್ಯಾಲಿಪರಿಗೆ ಅಲ್ಲ. ಅನುಮಾನ ಇದ್ದರೆ ಹತ್ತು ಮರೆಗಳ (ಬೋಲ್ಟಿನ ಮೈಮೇಲಿನ ಸುತ್ತುಗಳ, ಥ್ರೆಡ್‌ಗಳ) ಉದ್ದ ಅಳೆಯಿರಿ. ಎಂ6ರಲ್ಲಿ ಅದು 10 ಎಂಎಂ. ಹಳೇ ಇಂಗ್ಲಿಷ್ ಮರೆಯ ಕಾಲಿಂಚಿನದರಲ್ಲಿ 12.7. ಮರೆ ಕೊರೆಯುವ ಮೊದಲು ಎಷ್ಟು ತೂತು ಹಾಕಬೇಕು ಅನ್ನುವುದಕ್ಕೂ ಇದೇ ಲೆಕ್ಕ: ಬೋಲ್ಟಿನ ಅಳತೆಯಲ್ಲಿ ಒಂದು ಮರೆಯ ಅಂತರ ಕಳೆಯಿರಿ. ಎಂ4ಕ್ಕೆ 0.7 ಕಳೆದರೆ 3.3. ಎಂ6ಕ್ಕೆ 1 ಕಳೆದರೆ 5.

ತಗಡು ಗೇಜ್ ಲೆಕ್ಕದಲ್ಲಿ ಬರುತ್ತದೆ, ನಂಬರ್ ಹೆಚ್ಚಾದಷ್ಟೂ ತೆಳುವು. 18 ಗೇಜ್ ಸುಮಾರು 1.22 ಎಂಎಂ, 20 ಗೇಜ್ 0.91, 22 ಗೇಜ್ 0.71. ಕತ್ತರಿಸಿದ ಅಂಚಿನಲ್ಲಿ ಚೂಪು ಎದ್ದಿರುತ್ತದೆ, ಅರ ಹಾಕಿ ತೆಗೆದು ಒಳಗೆ ಹಿಡಿದು ಅಳೆಯಿರಿ.

ಮನೆಯ ವೈರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ಬೆಂಕಿಯ ವಿಷಯ. 1.5 ಚದರ ಎಂಎಂ ವೈರಿನಲ್ಲಿ ಸಾಮಾನ್ಯವಾಗಿ 0.3 ಎಂಎಂನ 22 ಎಳೆಗಳು, 2.5ರದರಲ್ಲಿ 36 ಎಳೆಗಳು ಇರುತ್ತವೆ. ಒಂದು ಎಳೆಯನ್ನು ನೇರವಾಗಿ ಕ್ಯಾಲಿಪರಿನಲ್ಲಿ ಹಿಡಿಯಬೇಡಿ. 0.3ರಲ್ಲಿ 0.02 ತಪ್ಪಾದರೆ ತಾಮ್ರದ ಲೆಕ್ಕದಲ್ಲಿ ಅದು ನೂರಕ್ಕೆ ಹದಿಮೂರರಷ್ಟು ತಪ್ಪು. ಬದಲಿಗೆ ಒಂದು ಉದ್ದ ಎಳೆಯನ್ನು ಪೆನ್ಸಿಲಿಗೆ ಸುತ್ತಿ. ಸುತ್ತು ಸುತ್ತಿಗೆ ಅಂಟಿಕೊಂಡಿರಲಿ, ಒಂದರ ಮೇಲೆ ಒಂದು ಏರಬಾರದು. ಸರಿಯಾಗಿ 20 ಸುತ್ತು. ಆ ಸುರುಳಿಯ ಉದ್ದವನ್ನು ದವಡೆಗಳ ನಡುವೆ ಹಗುರವಾಗಿ ಹಿಡಿಯಿರಿ. 6.0 ಬಂದರೆ ಎಳೆ 0.30. 5.2 ಬಂದರೆ 0.26, ಆಗ ಎಳೆಗಳನ್ನೂ ಎಣಿಸಿ. ಎಳೆ ತೆಳುವಾಗಿ, ಲೆಕ್ಕವೂ 22 ಇದ್ದರೆ ತಾಮ್ರ 1.17 ಚದರ ಎಂಎಂ ಮಾತ್ರ. ಅದನ್ನು ಗೋಡೆಯೊಳಗೆ ಹಾಕಿಸಬೇಡಿ.

ಸೆಲ್, ಮಳೆ, ಪೆಟ್ಟಿಗೆ

ಹೆಚ್ಚಿನ ಕ್ಯಾಲಿಪರ್‌ಗಳಿಗೆ ಎಲ್‌ಆರ್44 ಬಟನ್ ಸೆಲ್ ಬರುತ್ತದೆ. ಅದೇ ಗಾತ್ರದ ಎಸ್‌ಆರ್44 ಕೂಡ ಕೂರುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಎಲ್‌ಆರ್44ರ ವೋಲ್ಟೇಜ್ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುತ್ತದೆ. ಎಸ್‌ಆರ್44 ಕೊನೆಯವರೆಗೂ 1.55 ವೋಲ್ಟಿನ ಹತ್ತಿರ ನಿಂತಿರುತ್ತದೆ. ಹಾಗಾಗಿ ಎಸ್‌ಆರ್44 ಹಾಕುವುದೇ ಲಾಭ. ಅಂಕಿಗಳು ಮಿನುಗತೊಡಗಿದರೆ ಸೆಲ್ ಮುಗಿಯಿತು ಅಂತ. ಆ ಹೊತ್ತಿನ ಯಾವ ಅಳತೆಯನ್ನೂ ಬರೆದುಕೊಳ್ಳಬೇಡಿ. ವಾರಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.

ಸೆಲ್ಲಿನ ದಪ್ಪವನ್ನು ಸ್ಟೀಲ್ ದವಡೆಯ ನಡುವೆ ಹಿಡಿದು ಅಳೆಯಲು ಹೋಗಬೇಡಿ. ಒಂದು ದವಡೆ ಪ್ಲಸ್, ಇನ್ನೊಂದು ಮೈನಸ್ ಮುಟ್ಟಿ ಶಾರ್ಟ್ ಆಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಟನ್ ಸೆಲ್ ಅವರ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ. ನುಂಗಿದ ಅನುಮಾನ ಬಂದರೂ ಸಾಕು, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಅದು ಗಂಟಲನ್ನು ಸುಡುತ್ತದೆ.

ನಮ್ಮ ಊರಿನ ಮಳೆಗಾಲದಲ್ಲಿ ಬಾಲ್ಕನಿಯ ಮೂಲೆಯಲ್ಲಿ ಇಟ್ಟ ಸ್ಟೀಲಿಗೆ ಬೇಗ ತುಕ್ಕು ಬರುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಪಟ್ಟಿಯ ಅಂಚು, ದವಡೆ ಒರೆಸಿ. ಸ್ಟಿಕ್ಕರಿನ ಮೇಲೆ ಎಣ್ಣೆ ಬೇಡ. ದವಡೆಗಳನ್ನು ಒಂದು ಎಂಎಂ ತೆರೆದೇ ಪೆಟ್ಟಿಗೆಗೆ ಹಾಕಿ, ಜೊತೆಗೆ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದಿರಲಿ. ದವಡೆಯ ತುದಿಯಿಂದ ತಗಡಿನ ಮೇಲೆ ಗೆರೆ ಎಳೆಯುವವರನ್ನು ನೋಡಿದ್ದೇನೆ. ತುದಿ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಗೆರೆಗೆ ಒಂದು ಮೊಳೆ ಸಾಕಲ್ವಾ?

ಕ್ಯಾಲಿಪರ್ ಎಲ್ಲಿಗೆ ನಿಲ್ಲಬೇಕು

608 ಬೇರಿಂಗ್ ಕೂರಿಸುವ ಗುಂಡಿಯನ್ನು ಲೇತಿನಲ್ಲಿ ಸಾಮಾನ್ಯವಾಗಿ ಎಚ್7 ಅನ್ನುವ ಹದಕ್ಕೆ ಮಾಡುತ್ತಾರೆ. 22 ಎಂಎಂಗೆ ಅದು 22.000ರಿಂದ 22.021ರವರೆಗೆ. ಇಡೀ ಅವಕಾಶವೇ 0.021 ಎಂಎಂ, ನಮ್ಮ ಕ್ಯಾಲಿಪರಿನ ತಪ್ಪೇ 0.03. ಅಲ್ಲಿ ಇದರಿಂದ ಆಗುವುದಿಲ್ಲ. ಮೈಕ್ರೋಮೀಟರ್, ತೂತಿನ ಒಳ ಅಳತೆ ತೆಗೆಯುವ ಬೋರ್ ಗೇಜ್ ಇರುವವರ ಕೈಗೆ ಕೆಲಸ ಕೊಡಿ. ಅಳತೆ ಉಪಕರಣಕ್ಕೆ ಸರ್ಟಿಫಿಕೇಟೇ ಬೇಕಾದವರಿಗೆ ತುಮಕೂರು ರಸ್ತೆಯಲ್ಲಿ ಸಿಎಂಟಿಐ ಅನ್ನುವ ಸರ್ಕಾರಿ ಸಂಸ್ಥೆ ಇದೆ. ಮನೆಯ ಕ್ಯಾಲಿಪರಿಗೆ ಅದರ ಅಗತ್ಯವಿಲ್ಲ.

ಟರ್ನರ್ ಹತ್ತಿರ ಹೋಗುವಾಗ ಬರಿಯ ಚೀಟಿ ಒಯ್ಯಬೇಡಿ. ಜೊತೆಗೆ ಕೂರಬೇಕಾದ ಭಾಗವನ್ನೂ ಒಯ್ಯಿರಿ. ಶಾಫ್ಟ್ ಇದ್ದರೆ ಶಾಫ್ಟ್, ಬೇರಿಂಗ್ ಇದ್ದರೆ ಬೇರಿಂಗ್. ಚೀಟಿಯಲ್ಲಿ ಅಳತೆಯ ಪಕ್ಕದಲ್ಲಿ "ಸಲೀಸಾಗಿ ತಿರುಗಬೇಕು" ಅಥವಾ "ಬಿಗಿಯಾಗಿ ಕೂರಬೇಕು" ಅಂತಲೂ ಬರೆಯಿರಿ. ನಮ್ಮ ಫ್ಯಾನಿನ ಎರಡನೇ ಬುಷ್ ಆದದ್ದು ಹಾಗೆ. ಶಾಫ್ಟ್ ಅವರ ಮೇಜಿನ ಮೇಲೇ ಇತ್ತು. ಲೇತ್ ನಿಲ್ಲಿಸಿ ನಿಲ್ಲಿಸಿ ನಾಲ್ಕು ಸಲ ತೂರಿಸಿ ನೋಡಿದರು. ಐದನೇ ಸಲ ಒಂದು ಹನಿ ಎಣ್ಣೆ ಹಾಕಿ ಬಿಟ್ಟಾಗ ಶಾಫ್ಟ್ ತನ್ನ ಭಾರಕ್ಕೇ ನಿಧಾನವಾಗಿ ಇಳಿಯಿತು.